ಪೇಪರಿನ ಇಂಗ್ಲಿಷು, ಕೇರಿಯ ಹುಡುಗರು

‘ದಿನಾ ಇಂಗ್ಲಿಷ್ ಪೇಪರು ಓದಪ್ಪ, ಭಾಷೆ ತಾನಾಗೇ ಬರ್ತದೆ’ ಎಂಬ ಮಾತು ಕೇಳದೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ನಮ್ಮ ನಾಡಿನಲ್ಲಿ ಸಿಗಲಾರ. ಮೇಷ್ಟ್ರು ಹೇಳ್ತಾರೆ, ಹಾಸ್ಟೆಲ್ ವಾರ್ಡನ್ನು ಹೇಳ್ತಾರೆ, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಕ್ಲಾಸು ನಡೆಸೋರು ಫೀಜು ತಗೊಂಡು ಇದನ್ನೇ ಹೇಳ್ತಾರೆ. ‘ಹಿಂದೂ’ ಪತ್ರಿಕೆಯ ಸಂಪಾದಕೀಯ ತೆಗಿ, ಗೊತ್ತಿಲ್ಲದ ಪದಕ್ಕೆ ಗೆರೆ ಎಳಿ, ಡಿಕ್ಷನರಿ ನೋಡು, ಅರ್ಥ ಬರಕೋ. ದಿನಕ್ಕೆ ಹತ್ತು ಪದ ಅಂದರೆ ವರ್ಷಕ್ಕೆ ಮೂರು ಸಾವಿರದ ಆರುನೂರ ಐವತ್ತು. ಲೆಕ್ಕ ಸರಿಯಾಗಿದೆ. ಉಪದೇಶವೂ ಕೆಟ್ಟದ್ದಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲುಗಳಲ್ಲಿ ಒಂದು ಪೇಪರನ್ನು ಹತ್ತು ಜನ ಹಂಚಿಕೊಂಡು ಓದುವ ಹುಡುಗರಿಗೆ, ಫುಟ್‌ಪಾತಿನಲ್ಲಿ ನಾರ್ಮನ್ ಲೂಯಿಸ್‌ನ ‘ವರ್ಡ್ ಪವರ್ ಮೇಡ್ ಈಸಿ’ ಪುಸ್ತಕಕ್ಕೆ ಚೌಕಾಸಿ ಮಾಡುವ ಹುಡುಗಿಯರಿಗೆ ಇದಕ್ಕಿಂತ ಅಗ್ಗದ ದಾರಿ ಮತ್ತೊಂದಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಈ ಉಪದೇಶಕರು ಯಾರೂ ಎತ್ತೋದಿಲ್ಲ. ಪೇಪರಿನಿಂದ ಎತ್ತಿಕೊಂಡ ಪದ ಬರೀ ಪದವಾಗಿ ಬರ್ತದೋ, ಅಥವಾ ಅದನ್ನು ಬರೆದವನ ಕಣ್ಣೂ ಅದರ ಜೊತೆಗೆ ಬರ್ತದೋ? ಬರುವುದಾದರೆ, ಆ ಕಣ್ಣು ನಮ್ಮ ಕೇರಿಯ ಕಡೆ ತಿರುಗಿದಾಗ ಏನನ್ನು ಕಾಣ್ತದೆ? ಇದು ವ್ಯಾಕರಣದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಬಲ ಬೇಕು ಎಂದು ಕಲಿಯುವ ಮನುಷ್ಯ, ತಾನು ಕಲಿತದ್ದಕ್ಕೆ ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆ.

ಮೊದಲು ಒಂದು ಮಾತನ್ನು ಇತ್ಯರ್ಥ ಮಾಡಿಕೊಳ್ಳೋಣ. ಇಂಗ್ಲಿಷ್ ಕಲಿಯಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಳಿಯೋದಿಲ್ಲ. ೧೯೭೩ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು; ಇಂಗ್ಲಿಷ್ ಕಲಿಯಿರಿ ಎಂದರು. ರಾಜ್ಯವೇ ಹೊತ್ತಿಕೊಂಡಿತು, ಅವರ ಮಂತ್ರಿ ಪದವಿ ಹೋಯಿತು. ಅವತ್ತು ಕನ್ನಡಕ್ಕಾಗಿ ಬೀದಿಗಿಳಿದವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಕಾನ್ವೆಂಟಿನಿಂದ ಬಿಡಿಸಿ ಕನ್ನಡ ಶಾಲೆಗೆ ಹಾಕಿದರು ಎಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ಬಾಬಾಸಾಹೇಬರಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಓದಲು ಬಿಡಲಿಲ್ಲ, ಪರ್ಶಿಯನ್ ತಗೊಂಡರು. ಸಂಸ್ಕೃತ ಮುಚ್ಚಿದ ಬಾಗಿಲನ್ನು ಇಂಗ್ಲಿಷ್ ತೆರೆಯಿತು. ಸಾವಿತ್ರಿಬಾಯಿ ಫುಲೆ ೧೮೫೪ರ ತಮ್ಮ ಕವನ ಸಂಕಲನದಲ್ಲೇ ಇಂಗ್ಲಿಷ್ ಕಲಿಯಿರಿ ಅಂತ ಶೂದ್ರಾತಿಶೂದ್ರರನ್ನು ಕರೆದಿದ್ದರು. ೨೦೧೦ರಲ್ಲಿ ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ ದಲಿತರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಹೊಸದೊಂದು ದೇವರು ನಮಗೆ ಬೇಕೋ ಬೇಡವೋ, ಆ ಹಸಿವು ಮಾತ್ರ ನಿಜವಾದದ್ದು. ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿದೆ, ಬ್ಯಾಂಕು ಪರೀಕ್ಷೆಯಲ್ಲಿ ಇಂಗ್ಲಿಷಿಗೇ ಒಂದು ವಿಭಾಗವಿದೆ. ಕಲಿಯಲೇಬೇಕು. ನನ್ನ ಪ್ರಶ್ನೆ ಇರೋದು ಕಲಿಯುವ ಬಗೆಯಲ್ಲಿ.

ಡಿಕ್ಷನರಿಯಲ್ಲಿ ಪದ ಒಂಟಿಯಾಗಿ ನಿಂತಿರ್ತದೆ. ಪೇಪರಿನಲ್ಲಿ ಹಾಗಲ್ಲ, ಯಾರಿಗೋ ಅಂಟಿಕೊಂಡು ನಿಂತಿರ್ತದೆ. ‘ಎನ್‌ಕ್ರೋಚ್‌ಮೆಂಟ್’ ಎಂಬ ಪದ ತಗೊಳ್ಳಿ. ಅದರ ಮೂಲ ಹಳೆಯ ಫ್ರೆಂಚಿನದು, ಕೊಕ್ಕೆ ಹಾಕಿ ಎಳೆದುಕೊಳ್ಳುವುದು ಅಂತ ಅರ್ಥ. ಕೆರೆ ನುಂಗಿ ಲೇಔಟು ಮಾಡಿದವನಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಪೇಪರಿನಲ್ಲಿ ಗೋಮಾಳದ ಮೂಲೆಯಲ್ಲಿ ಅರ್ಧ ಎಕರೆ ಉತ್ತು ರಾಗಿ ಬಿತ್ತಿದ ಭೂಹೀನನೂ ‘ಎನ್‌ಕ್ರೋಚರ್’ ಆಗ್ತಾನೆ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಬಗರ್‌ಹುಕುಂ ಸಾಗುವಳಿ ಅಂತಾರೆ. ಬಗರ್ ಹುಕುಂ ಅಂದರೆ ಹುಕುಂ ಇಲ್ಲದೆ. ಸರ್ಕಾರದ ಅಪ್ಪಣೆ ಇಲ್ಲ ಅಷ್ಟೆ; ಸಾಗುವಳಿ ಮಾತ್ರ ಸಾಗುವಳಿಯೇ. ಈ ಪದದಲ್ಲಿ ಅವನ ನೇಗಿಲು, ಬೆವರು ಇನ್ನೂ ಕಾಣಿಸ್ತದೆ. ಇಂಗ್ಲಿಷ್ ಪದದಲ್ಲಿ ಕಾಣೋದು ಕೊಕ್ಕೆ ಮಾತ್ರ. ಆ ಅರ್ಧ ಎಕರೆಯ ರಾಗಿ ತಿಂದು ಬೆಳೆದ ಹುಡುಗ ಪಟ್ಟಣದ ರೂಮಿನಲ್ಲಿ ಕೂತು ‘ಎನ್‌ಕ್ರೋಚರ್: ಅತಿಕ್ರಮಣಕಾರ’ ಅಂತ ನೋಟುಬುಕ್ಕಿನಲ್ಲಿ ಬರಕೊಳ್ತಾನೆ. ತನ್ನ ಅಪ್ಪನ ಬಗ್ಗೆ ಬರೆಯುತ್ತಿದ್ದೇನೆ ಅಂತ ಅವನಿಗೆ ಹೊಳೆಯೋದೇ ಇಲ್ಲ.

ಇನ್ನೊಂದು ಪದ. ಸಂಪಾದಕೀಯಗಳಲ್ಲಿ, ವಿದೇಶಾಂಗ ವ್ಯವಹಾರದ ಪುಟಗಳಲ್ಲಿ ಮತ್ತೆ ಮತ್ತೆ ಕಾಣೋದು: ‘ಪರಾಯಾ’. ಕೋಚಿಂಗ್‌ನ ಪದಪಟ್ಟಿಗಳಲ್ಲಿ ಇದಕ್ಕೆ ‘ಬಹಿಷ್ಕೃತ, ಎಲ್ಲರೂ ದೂರವಿಟ್ಟ’ ಅಂತ ಅರ್ಥ ಕೊಟ್ಟಿರ್ತಾರೆ. ‘ಪರಾಯಾ ಸ್ಟೇಟ್’ ಅಂದರೆ ಜಗತ್ತಿನ ಉಳಿದ ದೇಶಗಳು ಮುಟ್ಟದೆ ಬಿಟ್ಟ ದೇಶ. ಈ ಪದ ಎಲ್ಲಿಂದ ಬಂತು? ಹದಿನೇಳನೆಯ ಶತಮಾನದಲ್ಲಿ ನಮ್ಮ ಪಕ್ಕದ ತಮಿಳು ನೆಲದಿಂದ ಹಡಗು ಹತ್ತಿತು. ತಮಿಳಿನಲ್ಲಿ ಪರೈ ಅಂದರೆ ಚರ್ಮವಾದ್ಯ. ಹಳಗನ್ನಡದ ಪಱೆ, ಆಮೇಲಿನ ಹರೆ, ಅದೇ ಬೇರಿನದು. ಪರೈ ಬಡಿಯುವವರು ಪರೈಯರ್. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ವಾದ್ಯ ಬಡಿದ ಒಂದು ಜನಸಮುದಾಯದ ಹೆಸರು ಅದು. ಆ ಜನರ ಹೆಸರೇ ಇಂಗ್ಲಿಷಿನಲ್ಲಿ ‘ಯಾರಿಗೂ ಬೇಡವಾದವನು’ ಎಂಬ ಅರ್ಥವಾಗಿ ಕೂತುಬಿಟ್ಟಿತು. ಮ್ಯಾಕ್ಸ್ ವೆಬರನಂಥ ಸಮಾಜಶಾಸ್ತ್ರಜ್ಞ ಯಹೂದಿಗಳ ಬಗ್ಗೆ ಬರೆಯುವಾಗಲೂ ಇದೇ ಪದ ಎತ್ತಿಕೊಂಡ.

ಇದರಲ್ಲಿ ಇನ್ನೂ ಒಂದು ವಿಪರೀತವಿದೆ. ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾವನ್ನು ಜಗತ್ತು ಬಹಿಷ್ಕರಿಸಿದ ಕಾಲದಲ್ಲಿ ಇಂಗ್ಲಿಷ್ ಪತ್ರಿಕೆಗಳು ಆ ದೇಶವನ್ನು ‘ಪರಾಯಾ ಸ್ಟೇಟ್’ ಅಂತ ಕರೆದವು. ಯೋಚನೆ ಮಾಡಿ. ಕರಿಯರನ್ನು ಬೇರೆ ಕೇರಿಯಲ್ಲಿಟ್ಟು, ಬೇರೆ ಬಾಗಿಲಲ್ಲಿ ನಡೆಸಿ, ಅಸ್ಪೃಶ್ಯತೆಯನ್ನು ಕಾಯಿದೆ ಮಾಡಿಕೊಂಡಿದ್ದ ಬಿಳಿಯರ ಸರ್ಕಾರವನ್ನು ಬೈಯೋದಕ್ಕೆ ಸಿಕ್ಕ ಪದ ಯಾವುದು? ಅಸ್ಪೃಶ್ಯರ ಹೆಸರು. ತುಳಿದವನಿಗೆ ತುಳಿತಕ್ಕೆ ಒಳಗಾದವನ ಹೆಸರನ್ನೇ ಬೈಗುಳವಾಗಿ ಅಂಟಿಸಿದರು. ಬರೆದವರಲ್ಲಿ ವರ್ಣಭೇದದ ವಿರೋಧಿಗಳೇ ಹೆಚ್ಚಿದ್ದಿರಬೇಕು. ಅವರ ಮನಸ್ಸಿನಲ್ಲಿ ಕೇಡು ಇರಲಿಲ್ಲ. ಕೇಡು ಪದದೊಳಗೆ ಕೂತಿತ್ತು.

ನಮ್ಮ ದೇಶದಲ್ಲಿ ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ದಲಿತರನ್ನು ಬೈಯುವುದು ೧೯೮೯ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಅಪರಾಧ. ೨೦೧೫ರ ತಿದ್ದುಪಡಿ ಇದನ್ನು ಬಿಡಿಸಿ ಹೇಳಿತು. ಬೀದಿಯಲ್ಲಿ ಆಡಿದರೆ ಕೇಸು, ಸಂಪಾದಕೀಯದಲ್ಲಿ ಬಂದರೆ ‘ವೊಕ್ಯಾಬುಲರಿ’!

ಇಂಗ್ಲಿಷಿಗೆ ಜಾತಿ ಇಲ್ಲ, ಅದಕ್ಕೇ ಅದು ನಮ್ಮ ಭಾಷೆ ಅಂತ ವಾದಿಸುವ ಗೆಳೆಯರಿದ್ದಾರೆ. ಅರ್ಧ ನಿಜ. ಇಂಗ್ಲಿಷಿನಲ್ಲಿ ‘ಯೂ’ ಅಂದರೆ ಗೌಡನಿಗೂ ‘ಯೂ’, ಆಳಿಗೂ ‘ಯೂ’. ನೀನು-ನೀವುಗಳ ಮೆಟ್ಟಿಲು ಅಲ್ಲಿಲ್ಲ. ಇದು ಸಣ್ಣ ಬಿಡುಗಡೆಯಲ್ಲ. ಆದರೆ ಅದೇ ಪೇಪರಿನಲ್ಲಿ ಚುನಾವಣೆ ಬಂದಾಗ ‘ಪೊಲಿಟಿಕಲ್ ಪಂಡಿಟ್ಸ್’ ಮಾತಾಡ್ತಾರೆ. ಪಂಡಿತ ಇಂಗ್ಲಿಷಿಗೆ ಹೋಗಿ ತಜ್ಞನಾದ, ಪರೈಯ ಇಂಗ್ಲಿಷಿಗೆ ಹೋಗಿ ಬಹಿಷ್ಕೃತನಾದ. ಬ್ರಿಟಿಷರು ನಮ್ಮ ಆಕಾಶದ ಹಕ್ಕಿಗಳಿಗೆ ಹೆಸರಿಟ್ಟದ್ದನ್ನೂ ನೋಡಿ. ನಾವು ಗರುಡ ಅಂತ ಕೈಮುಗಿಯುವ ಕೆಂಚು ಹಕ್ಕಿ ‘ಬ್ರಾಹ್ಮಿಣಿ ಕೈಟ್’. ಊರ ಕಸ, ಸತ್ತ ಪ್ರಾಣಿ ತಿಂದು ಬದುಕುವ ಹದ್ದು ‘ಪರಾಯಾ ಕೈಟ್’. ಬೀದಿನಾಯಿ ‘ಪರಾಯಾ ಡಾಗ್’. ಊರು ಯಾವುದು, ಹೊಲಗೇರಿ ಯಾವುದು ಎಂಬುದನ್ನು ಪರದೇಶದ ಭಾಷೆ ಒಂದಿಷ್ಟೂ ತಪ್ಪದೆ ಕಲಿತುಕೊಂಡಿತು. ಇಂಗ್ಲಿಷಿಗೆ ಹುಟ್ಟಿನಿಂದ ನಮ್ಮ ಜಾತಿ ಇರಲಿಲ್ಲ ಅನ್ನೋದು ಸರಿ. ಇಲ್ಲಿಗೆ ಬಂದ ಮೇಲೆ ದೀಕ್ಷೆ ತಗೊಂಡಿತು.

ಮೂರನೆಯ ಪದ ‘ಮೆರಿಟಾಕ್ರಸಿ’. ೧೯೯೦ರಲ್ಲಿ ಮಂಡಲ್ ವರದಿ ಜಾರಿಯಾದಾಗಿನಿಂದ ‘ಮೆರಿಟ್’ ಎಂಬ ಪದ ಇಂಗ್ಲಿಷ್ ಪೇಪರುಗಳಲ್ಲಿ ನಮ್ಮ ಹುಡುಗರ ಎದುರಿಗೆ ಕೋಲು ಹಿಡಿದು ನಿಂತಿದೆ. ಮೆರಿಟಾಕ್ರಸಿ ಅಂದರೆ ಯೋಗ್ಯರ ಆಡಳಿತ, ಒಳ್ಳೆಯದು ಅಂತಲೇ ಎಲ್ಲರೂ ತಿಳಿದಿರೋದು. ಆದರೆ ಈ ಪದವನ್ನು ಪ್ರಚಾರಕ್ಕೆ ತಂದವನು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕಲ್ ಯಂಗ್. ೧೯೫೮ರಲ್ಲಿ, ಒಂದು ವಿಡಂಬನೆಯ ಪುಸ್ತಕದಲ್ಲಿ. ಪರೀಕ್ಷೆ ಪಾಸಾದವರು ತಾವು ಹುಟ್ಟಾ ಯೋಗ್ಯರು ಎಂಬ ಸೊಕ್ಕಿನಲ್ಲಿ ಉಳಿದವರನ್ನು ತುಳಿಯುವ ಕಾಲ ಬರ್ತದೆ ಅಂತ ಎಚ್ಚರಿಸೋದಕ್ಕೆ ಆತ ಅದನ್ನು ಬರೆದ. ಲೇವಡಿಗೆ ಹುಟ್ಟಿದ ಪದ ಹೊಗಳಿಕೆಯಾಗಿ ಓಡಾಡುವುದನ್ನು ಕಂಡು ೨೦೦೧ರಲ್ಲಿ ಆತನೇ ಗಾರ್ಡಿಯನ್ ಪತ್ರಿಕೆಯಲ್ಲಿ ಬೇಸರದಿಂದ ಬರೆದ. ಪೇಪರಿನಿಂದ ಮಾತ್ರ ಈ ಪದ ಕಲಿತವನಿಗೆ ಹೊಗಳಿಕೆಯಷ್ಟೇ ಗೊತ್ತು. ಹಿಂದಿನ ಕಥೆ ಗೊತ್ತಿರುವವನು ಇಂಟರ್‌ವ್ಯೂ ಮೇಜಿನ ಎದುರು ತಲೆ ತಗ್ಗಿಸಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ಹತ್ತಿರದ ಪದ: ‘ಆಸ್ಫಿಕ್ಸಿಯೇಷನ್’. ಉಚ್ಚರಿಸಲು ಕಷ್ಟ, ಸ್ಪೆಲ್ಲಿಂಗ್ ಇನ್ನೂ ಕಷ್ಟ. ಗ್ರೀಕ್ ಮೂಲದಲ್ಲಿ ನಾಡಿ ನಿಂತುಹೋಗುವುದು ಅಂತ ಅರ್ಥ. ನಮ್ಮ ಹುಡುಗರು ಇದನ್ನು ಹೆಚ್ಚಾಗಿ ಕಲಿಯೋದು ಮ್ಯಾನ್‌ಹೋಲಿಗೆ ಇಳಿದವರು ಸತ್ತ ಸುದ್ದಿಯಿಂದ. ‘ಇಬ್ಬರು ಪೌರಕಾರ್ಮಿಕರು ಆಸ್ಫಿಕ್ಸಿಯೇಷನ್‌ನಿಂದ ಸಾವು’ ಎಂಬ ವಾಕ್ಯದಲ್ಲಿ ಕೊಂದವನು ಯಾರು? ಗ್ಯಾಸು. ಇಳಿಸಿದ ಕಂಟ್ರಾಕ್ಟರನಿಲ್ಲ, ಸಹಿ ಹಾಕಿದ ಎಂಜಿನಿಯರನಿಲ್ಲ, ಮೆಷಿನ್ ಕೊಡದ ನಗರಸಭೆಯಿಲ್ಲ. ಕನ್ನಡ ಪೇಪರು ಇದಕ್ಕಿಂತ ಸಾಚಾ ಅಂತ ನಾನು ಹೇಳೋದಿಲ್ಲ. ‘ಉಸಿರುಗಟ್ಟಿ ಸಾವು’ ಎಂಬ ವಾಕ್ಯದಲ್ಲೂ ಉಸಿರು ಕಟ್ಟಿಸಿದವನು ಇಲ್ಲ. ಆದರೆ ಉಸಿರುಗಟ್ಟುವುದು ಅಂದರೆ ಏನು ಅಂತ ಸತ್ತವನ ಹೆಂಡತಿಗೆ ಗೊತ್ತು. ಆಸ್ಫಿಕ್ಸಿಯೇಷನ್ ಅಂದರೆ ಅದೇನೋ ದೊಡ್ಡ ಕಾಯಿಲೆಯಿರಬೇಕು ಅಂತ ಆಕೆ ಸುಮ್ಮನಾಗಬಹುದು.

ಅದೇ ಸುದ್ದಿಯ ಕೊನೆಯಲ್ಲಿ ‘ಎಕ್ಸ್‌ಗ್ರೇಷಿಯಾ’ ಅಂತ ಇನ್ನೊಂದು ಪದ ಬರ್ತದೆ. ಲ್ಯಾಟಿನ್. ದಯೆಯಿಂದ, ಅನುಗ್ರಹದಿಂದ ಕೊಟ್ಟದ್ದು ಅಂತ ಅರ್ಥ. ಕೊಡುವವನು ತಪ್ಪು ಒಪ್ಪಿಕೊಂಡಿಲ್ಲ ಅಂತಲೂ ಅರ್ಥ. ‘ಕಾಂಪೆನ್‌ಸೇಷನ್’ ಬೇರೆ. ಅದು ಪರಿಹಾರ, ಹಕ್ಕು. ೧೯೯೩ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ಹತ್ತು ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು ೨೦೧೪ರಲ್ಲಿ ಹೇಳಿತು; ೨೦೨೩ರಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಹೀಗಿರುವಾಗ ಪೇಪರು ಎರಡು ಪದಗಳನ್ನೂ ಕಲಸಿ ಬರೆದರೆ, ಹಕ್ಕು ಭಿಕ್ಷೆಯಾಗ್ತದೆ. ಕೇರಿಯಲ್ಲಿ ಒಬ್ಬ ಹುಡುಗನಿಗೆ ಈ ಎರಡು ಪದಗಳ ವ್ಯತ್ಯಾಸ ಗೊತ್ತಿದ್ದರೆ ಒಂದು ಮನೆಗೆ ಮೂವತ್ತು ಲಕ್ಷದ ವ್ಯತ್ಯಾಸವಾಗ್ತದೆ. ‘ದೊಡ್ಡ ಪದಗಳು ನಮಗ್ಯಾಕೆ’ ಎನ್ನುವವರಿಗೆ ನನ್ನ ಉತ್ತರ ಇದೇ.

ಪೇಪರಿನ ಭಾಷೆ ಹೀಗೆ ಯಾಕಿದೆ ಎಂಬುದಕ್ಕೆ ಗುಟ್ಟೇನೂ ಇಲ್ಲ. ೧೯೯೬ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ ೬೮೬ ಪತ್ರಕರ್ತರ ಪಟ್ಟಿ ಹಿಡಿದು ಒಬ್ಬ ದಲಿತನನ್ನು ಹುಡುಕಿದರು. ಒಬ್ಬನೂ ಸಿಗಲಿಲ್ಲ. ಹತ್ತು ವರ್ಷದ ನಂತರ, ೨೦೦೬ರಲ್ಲಿ, ದೆಹಲಿಯ ೩೭ ಮಾಧ್ಯಮ ಸಂಸ್ಥೆಗಳ ೩೧೫ ಹಿರಿಯ ಪತ್ರಕರ್ತರ ಸಮೀಕ್ಷೆಯಾಯಿತು. ಆಗಲೂ ಪರಿಶಿಷ್ಟ ಜಾತಿಯ ಒಬ್ಬರೂ ಇಲ್ಲ, ಪರಿಶಿಷ್ಟ ಪಂಗಡದ ಒಬ್ಬರೂ ಇಲ್ಲ. ಮ್ಯಾನ್‌ಹೋಲಿಗೆ ಇಳಿಯುವವರು ಒಂದು ಕಡೆ, ಅದರ ಬಗ್ಗೆ ವಾಕ್ಯ ಕಟ್ಟುವವರು ಇನ್ನೊಂದು ಕಡೆ. ನಡುವೆ ನಮ್ಮ ಹುಡುಗ ಡಿಕ್ಷನರಿ ಹಿಡಿದು ಕೂತಿದ್ದಾನೆ.

ಇಲ್ಲಿ ಎರಡು ಆಕ್ಷೇಪ ಬರ್ತವೆ. ಎರಡನ್ನೂ ತಳ್ಳಿಹಾಕುವಂತಿಲ್ಲ.

ಒಂದು: ‘ಪದದ ಅರ್ಥ ಅದರ ಇಂದಿನ ಬಳಕೆಯಲ್ಲಿದೆ, ಹುಟ್ಟಿನಲ್ಲಿಲ್ಲ. ಲಂಡನ್ನಿನಲ್ಲಿ ಪರಾಯಾ ಅನ್ನುವವನಿಗೆ ಪರೈ ವಾದ್ಯ ಗೊತ್ತೇ ಇಲ್ಲ, ಅವನೇನು ತಪ್ಪಿತಸ್ಥ?’ ನಿಜ, ಗೊತ್ತಿಲ್ಲದವನು ತಪ್ಪಿತಸ್ಥನಲ್ಲ. ಅಲ್ಲದೆ ಹುಟ್ಟಿನಿಂದ ಬೆಲೆ ಕಟ್ಟಬೇಡಿ ಅಂತ ಮನುಷ್ಯರ ಬಗ್ಗೆ ಹೇಳುವ ನಾವು ಪದಗಳ ಹುಟ್ಟು ಹಿಡಿದು ಕೂರುವುದು ಸರಿಯೇ ಅಂತಲೂ ಕೇಳಬಹುದು. ಆದರೆ ಪರೈಯರು ಸತ್ತುಹೋದ ಜನವಲ್ಲ. ಇವತ್ತಿಗೂ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿದೆ, ಅವರ ಮಕ್ಕಳು ಅದೇ ಪೇಪರು ಓದ್ತಾರೆ. ಪದ ಆಡಿದವನಿಗೆ ಹಳೆಯ ಅರ್ಥ ಮರೆತಿರಬಹುದು, ಏಟು ತಿಂದವನಿಗೆ ಮರೆಯೋದಿಲ್ಲ. ಗೊತ್ತಿಲ್ಲದಿರುವವರೆಗೆ ಮಾಫಿ, ಗೊತ್ತಾದ ಮೇಲೆ? ಇಂಗ್ಲಿಷಿನಂಥ ಸಿರಿವಂತ ಭಾಷೆಯಲ್ಲಿ ಬಹಿಷ್ಕಾರವನ್ನು ಹೇಳಲು ಬೇರೆ ಹತ್ತು ಪದಗಳಿವೆ. ಗೊತ್ತಾದ ಮೇಲೂ ಅದೇ ಪದ ಬೇಕು ಅನ್ನುವವನು ಆರಿಸಿಕೊಂಡೇ ಆಡುತ್ತಿದ್ದಾನೆ. ಆಯ್ಕೆ ಇರುವ ಕಡೆ ಹೊಣೆಯೂ ಇದೆ.

ಎರಡು: ‘ಇಷ್ಟು ವಿಷ ಇದ್ದರೆ ಯಾಕೆ ಕಲಿಯಬೇಕು, ಬಿಟ್ಟುಬಿಡಿ.’ ಇದು ಹೆಚ್ಚು ಅಪಾಯದ ಮಾತು. ಆಡದೆ ಬಿಡುವುದು ಬೇರೆ, ಕಲಿಯದೆ ಬಿಡುವುದು ಬೇರೆ. ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ತವರ, ಅರಗು ಹುಯ್ಯಬೇಕು ಅಂತ ಗೌತಮ ಧರ್ಮಸೂತ್ರ ಹೇಳಿತು. ನಮ್ಮ ಕಿವಿಗೆ ನಾವೇ ಯಾಕೆ ಅರಗು ಹುಯ್ದುಕೊಳ್ಳಬೇಕು? ನಮ್ಮನ್ನು ಬೈದ ಪದ ಯಾವುದು ಅಂತ ಗೊತ್ತಿಲ್ಲದವನು ತಿರುಗಿ ಮಾತಾಡಲಾರ.

ಆದರೆ ನಮ್ಮ ಕಡೆಯಿಂದಲೂ ಒಂದು ಕೇಡು ನಡೀತದೆ. ಅದನ್ನೂ ಹೇಳಬೇಕು. ಮೂರು ಸಾವಿರ ಪದ ಕಲಿತ ಹುಡುಗ ಹಬ್ಬಕ್ಕೆ ಊರಿಗೆ ಬರ್ತಾನೆ. ಅವ್ವ ಏನೋ ಕೇಳಿದರೆ ‘ನಿಂಗೆ ಅದೆಲ್ಲ ಅರ್ಥ ಆಗಲ್ಲ ಸುಮ್ನಿರವ್ವ’ ಅಂತಾನೆ. ಸಂಘದ ಮೀಟಿಂಗಿನಲ್ಲಿ ಕೂಲಿಯವನು ಮಾತಾಡಲು ಎದ್ದರೆ, ನಮ್ಮವನೇ ನಾಲ್ಕು ಇಂಗ್ಲಿಷ್ ಪದ ಎಸೆದು ಕೂರಿಸ್ತಾನೆ. ಅರ್ಥವಾಗದ ಮಾತಿನಿಂದ ಎದುರಿಗಿದ್ದವನನ್ನು ಸಣ್ಣವನನ್ನಾಗಿ ಮಾಡುವ ವಿದ್ಯೆ ಹೊಸದೇನಲ್ಲ, ಸಾವಿರಾರು ವರ್ಷ ಅದನ್ನು ಮಾಡಿದವರು ಯಾರು ಅಂತ ನಮಗೆ ಗೊತ್ತು. ಸಂಸ್ಕೃತದಿಂದ ಅವರು ಮಾಡಿದ್ದನ್ನು ಇಂಗ್ಲಿಷಿನಿಂದ ನಾವು ಮಾಡಿದರೆ ಪುರೋಹಿತ ಬದಲಾದ ಅಷ್ಟೆ, ಪುರೋಹಿತಶಾಹಿ ಹಾಗೇ ಉಳೀತು. ಬಾಬಾಸಾಹೇಬರು ೧೯೩೬ರಲ್ಲಿ ‘ಜಾತಿ ವಿನಾಶ’ವನ್ನು ಇಂಗ್ಲಿಷಿನಲ್ಲಿ ಬರೆದರು, ಅದನ್ನು ಓದಿ ಉತ್ತರ ಕೊಡಬೇಕಾದವರು ಇಂಗ್ಲಿಷಿನವರಾಗಿದ್ದರು. ಆದರೆ ತಮ್ಮ ಜನರ ಹತ್ತಿರ ಮಾತಾಡಲು ೧೯೨೦ರಲ್ಲಿ ‘ಮೂಕನಾಯಕ’ವನ್ನೂ ೧೯೨೭ರಲ್ಲಿ ‘ಬಹಿಷ್ಕೃತ ಭಾರತ’ವನ್ನೂ ಮರಾಠಿಯಲ್ಲೇ ತೆಗೆದರು. ಯಾವ ಭಾಷೆ ಯಾರ ಮುಂದೆ ಎಂಬ ವಿವೇಕ ಅವರಿಗಿತ್ತು.

ಹಾಗಾದರೆ ಹೇಗೆ ಕಲಿಯಬೇಕು? ಇದಕ್ಕೂ ಬಾಬಾಸಾಹೇಬರ ಬಾಲ್ಯದಲ್ಲೇ ಒಂದು ದಾರಿ ಇದೆ. ತಂದೆ ರಾಮಜಿ ಅವರಿಗೆ ಹೋವರ್ಡ್‌ನ ಇಂಗ್ಲಿಷ್ ರೀಡರುಗಳ ಜೊತೆಗೆ ತರ್ಖಡ್ಕರರ ಭಾಷಾಂತರ ಪಾಠಗಳನ್ನೂ ಮಾಡಿಸಿದರು. ಅಂದರೆ ಇಂಗ್ಲಿಷ್ ಪದ ಕಲಿಯುವಾಗಲೇ ಮರಾಠಿ ಪದವನ್ನೂ ತೂಗಿ ನೋಡುವ ಅಭ್ಯಾಸ. ನಮ್ಮ ಹುಡುಗರ ನೋಟುಬುಕ್ಕಿನಲ್ಲಿ ಈಗ ಎರಡು ಕಾಲಂ ಇವೆ: ಪದ, ಅರ್ಥ. ನಾಲ್ಕು ಮಾಡಿಕೊಳ್ಳಲಿ. ಮೊದಲನೆಯದು ಪದ. ಎರಡನೆಯದು ಆ ಪದ ಬಂದ ಪೂರಾ ವಾಕ್ಯ, ಬಿಡಿಪದ ನಾಲ್ಕು ದಿನಕ್ಕೆ ಮರೀತದೆ, ವಾಕ್ಯ ಮರೆಯೋದಿಲ್ಲ. ಮೂರನೆಯದರಲ್ಲಿ ಒಂದು ಪ್ರಶ್ನೆ: ಯಾರು, ಯಾರಿಗೆ, ಏನು ಮಾಡಿದರು? ವಾಕ್ಯದಲ್ಲಿ ಮಾಡಿದವನು ಕಾಣದಿದ್ದರೆ ‘ಕಾಣೆಯಾಗಿದ್ದಾನೆ’ ಅಂತ ಬರೆಯಲಿ. ನಾಲ್ಕನೆಯದರಲ್ಲಿ ಇದಕ್ಕೆ ನಮ್ಮ ಮನೆಯಲ್ಲಿ ಏನಂತಾರೆ ಅನ್ನೋದು ಬರಲಿ. ಡಿಕ್ಷನರಿಯ ಕನ್ನಡ ಬೇಡ, ಅವ್ವನ ಕನ್ನಡ ಬೇಕು. ಒಂದೇ ಸುದ್ದಿಯನ್ನು ‘ಡೆಕ್ಕನ್ ಹೆರಾಲ್ಡ್’ನಲ್ಲೂ ‘ಪ್ರಜಾವಾಣಿ’ಯಲ್ಲೂ ಓದಿ ಪಕ್ಕಪಕ್ಕ ಇಟ್ಟು ನೋಡಲಿ. ಎರಡೂ ಒಂದೇ ಸಂಸ್ಥೆಯಿಂದ ಬರುವ ಪತ್ರಿಕೆಗಳು. ಆದರೂ ಒಂದರಲ್ಲಿ ಇರುವ ಮನುಷ್ಯ ಇನ್ನೊಂದರಲ್ಲಿ ಇರೋದಿಲ್ಲ, ಕೆಲವು ಸಲ ಎರಡರಲ್ಲೂ ಇರೋದಿಲ್ಲ. ಹೀಗೆ ಮಾಡಿದರೆ ದಿನಕ್ಕೆ ಹತ್ತು ಪದ ಆಗಲಾರದು, ಮೂರು ಆದೀತು. ಮೂರು ಸಾಕು.

ನಾಲ್ಕನೆಯ ಕಾಲಂ ತುಂಬಲು ಆಗದ ಪದವನ್ನು ನಾವು ಇನ್ನೂ ಕಲಿತಿಲ್ಲ ಅಂತಲೇ ನನ್ನ ಅಭಿಪ್ರಾಯ. ಬಾಯಿಪಾಠ ಮಾಡಿದ್ದೇವೆ ಅಷ್ಟೆ. ‘ಹಾಸ್ಟೈಲ್ ವಿಟ್ನೆಸ್’ ಅಂದರೇನು ಅಂತ ಕೇರಿಯ ಕಟ್ಟೆಯ ಮೇಲೆ ಕೂತು ಹೇಳಲು ಬಂದರೆ, ಕಂಬಾಲಪಲ್ಲಿಯಲ್ಲಿ ೨೦೦೦ದ ಮಾರ್ಚ್ ತಿಂಗಳಲ್ಲಿ ಏಳು ದಲಿತರನ್ನು ಸುಟ್ಟ ಮೇಲೂ ೨೦೦೬ರಲ್ಲಿ ಆರೋಪಿಗಳೆಲ್ಲ ಯಾಕೆ ಬಿಡುಗಡೆಯಾದರು ಅಂತ ಹೇಳಲು ಬರ್ತದೆ. ಸಾಕ್ಷಿಗಳು ಯಾವ ಭಯದಲ್ಲಿ ಮಾತು ತಿರುಗಿಸಬೇಕಾಗ್ತದೆ ಅಂತ ಕೇರಿಯವರು ಉಳಿದ ಕಥೆಯನ್ನು ತಾವೇ ಹೇಳ್ತಾರೆ. ಆಗ ಪದ ನಮ್ಮದಾಗ್ತದೆ, ಮುಂದಿನ ಸಲ ಕೋರ್ಟಿಗೆ ಹೋಗುವಾಗ ಜೊತೆಗೆ ಬರ್ತದೆ.

ಹಾಸ್ಟೆಲ್ಲಿನ ಗೆಳೆಯರೇ, ನಾಳೆ ಬೆಳಗ್ಗೆಯೂ ಪೇಪರು ಬರ್ತದೆ. ಓದಿ. ಗೆರೆ ಎಳೆಯಿರಿ. ಆದರೆ ಪದದ ಕೆಳಗೆ ಎಳೆದ ಗೆರೆಯನ್ನು ಸ್ವಲ್ಪ ಮುಂದಕ್ಕೂ ಎಳೆದು, ಅದು ಯಾರ ಮನೆ ಬಾಗಿಲಿಗೆ ಮುಟ್ಟುತ್ತದೆ ನೋಡಿ. ಊರಿಗೆ ಹೋದಾಗ ಆ ಮನೆಯವರಿಗೆ ಅರ್ಥವಾಗುವ ಹಾಗೆ ಹೇಳಿ. ಮತ್ತೆ ನೀವೇ ಬರೆಯಿರಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕಾಣೆಯಾದವನ ಹೆಸರನ್ನು ವಾಕ್ಯದೊಳಗೆ ವಾಪಸ್ಸು ತಂದು ಕೂರಿಸೋ ಕೆಲಸ ಇನ್ನೂ ಬಾಕಿ ಬಿದ್ದಿದೆ.